ದುಡಿಯುವ ಬೆನ್ನು: ಅದರ ರಚನೆ ಮತ್ತು ರಕ್ಷಣೆ

ರೈತನು ದೇಶದ ಬೆನ್ನೆಲುಬು ಎಂಬ ಮಾತನ್ನು ನೀವು ಸಭೆ ಸಮಾರಂಭಗಳಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಆದರೆ ಆ ರೈತನ ಸ್ವಂತ ಬೆನ್ನೆಲುಬಿನ ವಿಚಾರ ಮಾತನಾಡುವವರು ಕಡಿಮೆ. ಎತ್ತಿನ ಹೆಗಲು ಬಾತರೆ ನೊಗ ಬಿಚ್ಚಿ ಪಶುವೈದ್ಯರ ಬಳಿಗೆ ಹೊಡೆದುಕೊಂಡು ಹೋಗುತ್ತೀರಿ. ಪಂಪ್‌ಸೆಟ್ಟಿನ ಬೇರಿಂಗು ಸದ್ದು ಮಾಡಿದರೆ ಅಂದೇ ಬಿಚ್ಚಿಸಿ ನೋಡುತ್ತೀರಿ. ನಿಮ್ಮ ಸೊಂಟ ಹಿಡಿದುಕೊಂಡರೆ ಮಾತ್ರ ಒಂದು ಟವೆಲು ಬಿಗಿದು, ಅಂಗಡಿಯಿಂದ ತಂದ ಮಾತ್ರೆ ನುಂಗಿ, ಮತ್ತೆ ಗದ್ದೆಗೆ ಇಳಿಯುತ್ತೀರಿ.

ಸಸಿ ಕೀಳುವುದು, ನಾಟಿ ಹಾಕುವುದು, ಕಳೆ ತೆಗೆಯುವುದು, ಕೊಯ್ಲು ಮಾಡುವುದು, ಹೊರೆ ಹೊರುವುದು, ಕೊಟ್ಟಿಗೆ ಬಾಚುವುದು ಇವೆಲ್ಲ ಬೆನ್ನಿನ ಮೇಲೆ ಬೀಳುವ ಕೆಲಸಗಳೇ. ಬಿತ್ತನೆಯ ಸಮಯದಲ್ಲಿ ಯಜಮಾನನ ಇಲ್ಲವೆ ಯಜಮಾನಿತಿಯ ಸೊಂಟ ಬಿದ್ದುಹೋದರೆ ಹದ ಕಾಯುವುದಿಲ್ಲ. ಆಳಿನ ಖರ್ಚು ಏರುತ್ತದೆ, ಆಸ್ಪತ್ರೆಯ ಖರ್ಚು ಅದರ ಮೇಲೆ. ಬೆನ್ನಿನ ರಚನೆಯನ್ನು ಸ್ವಲ್ಪಮಟ್ಟಿಗೆ ತಿಳಿದುಕೊಂಡರೆ ಈ ನಷ್ಟದಲ್ಲಿ ಹೆಚ್ಚಿನ ಪಾಲನ್ನು ತಪ್ಪಿಸಬಹುದು. ಬೆನ್ನನ್ನು ಕೆಡಿಸುವುದು ದುಡಿಮೆಯಲ್ಲ. ಹೊರೆಯನ್ನು ಮೈಯಿಂದ ದೂರ ಹಿಡಿದು ಎತ್ತುವುದು, ಬಹಳ ಹೊತ್ತು ಒಂದೇ ಭಂಗಿಯಲ್ಲಿ ಬಗ್ಗಿರುವುದು, ಭಾರ ಹೊತ್ತು ತಟ್ಟನೆ ತಿರುಗುವುದು ಇವು ಅದನ್ನು ಕೆಡಿಸುತ್ತವೆ. ಹೀಗೇಕೆ ಎಂಬುದನ್ನು ಮುಂದೆ ನೋಡೋಣ.

ಮಣಿ ಪೋಣಿಸಿದ ಕಂಬ

ಸ್ವಲ್ಪ ಮುಂದಕ್ಕೆ ಬಗ್ಗಿ, ಕತ್ತಿನ ಬುಡದಿಂದ ಕೆಳಕ್ಕೆ ಬೆರಳು ಎಳೆಯಿರಿ. ಒಂದರ ಕೆಳಗೊಂದು ಗಂಟುಗಳು ಸಿಗುತ್ತವೆ. ಇವು ಬೆನ್ನುಮಣಿಗಳ ಹಿಂದಿನ ತುದಿಗಳು ಮಾತ್ರ. ಭಾರ ಹೊರುವ ಭಾಗ ಇನ್ನೂ ಒಳಗೆ, ಹೊಟ್ಟೆಯ ಕಡೆಗೆ ಇದೆ. ಪ್ರತಿ ಮಣಿಯ ಮುಂಭಾಗ ಚಿಕ್ಕ ಡೋಲಿನಂತೆ ದುಂಡಗಿದ್ದು ತೂಕ ಹೊರುತ್ತದೆ. ಹಿಂಭಾಗದಲ್ಲಿ ಮೂಳೆಯ ಒಂದು ಕಮಾನು ಇದೆ. ಕಮಾನುಗಳು ಒಂದರ ಮೇಲೊಂದು ಕೂಡಿ ಒಂದು ಕೊಳವೆಯಾಗುತ್ತದೆ. ಬೆನ್ನುಹುರಿ ಈ ಕೊಳವೆಯೊಳಗೆ ಇಳಿಯುತ್ತದೆ. ಕಮಾನಿನಿಂದ ಹೊರಟ ಕೊಂಬುಗಳಿಗೆ ಮಾಂಸಖಂಡಗಳು ಅಂಟಿಕೊಂಡಿವೆ.

ಹುಟ್ಟುವಾಗ ಮನುಷ್ಯನಿಗೆ ಸಾಮಾನ್ಯವಾಗಿ 33 ಮಣಿಗಳು. ಕತ್ತಿನಲ್ಲಿ 7, ಪಕ್ಕೆಲುಬು ಕೂಡುವ ಬೆನ್ನಿನಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನ 5 ಮಣಿಗಳು ಬೆಳೆಯುತ್ತಾ ಬೆಸೆದುಕೊಂಡು ಒಂದೇ ತ್ರಿಕೋನದ ಮೂಳೆಯಾಗುತ್ತವೆ. ಕೊನೆಯ 4 ಸೇರಿ ಬಾಲದ ಗುರುತಿನಂತಿರುವ ಚಿಕ್ಕ ಮೂಳೆಯಾಗುತ್ತದೆ. ಹೀಗಾಗಿ ಬೆಳೆದವರಲ್ಲಿ ಉಳಿಯುವುದು 26 ಮೂಳೆಗಳು. ನಿಮ್ಮ ಎತ್ತಿನ ಕತ್ತಿನಲ್ಲೂ 7 ಮಣಿಗಳೇ. ಬೆನ್ನಿನಲ್ಲಿ 13, ಸೊಂಟದಲ್ಲಿ 6. ಆದರೆ ಎತ್ತಿನ ಬೆನ್ನು ನಾಲ್ಕು ಕಾಲಿನ ಮೇಲೆ ಸೇತುವೆಯಂತೆ ಅಡ್ಡಲಾಗಿ ನಿಂತಿದೆ. ಮನುಷ್ಯನ ಬೆನ್ನು ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಕಂಬ. ಆದ್ದರಿಂದ ಕೆಳಕ್ಕೆ ಹೋದಂತೆ ಹೊರಬೇಕಾದ ತೂಕ ಹೆಚ್ಚು, ಮಣಿಯ ಗಾತ್ರವೂ ಹೆಚ್ಚು. ಸೊಂಟದ ಮಣಿಗಳು ಎಲ್ಲಕ್ಕಿಂತ ದಪ್ಪ.

ಎರಡೂ ಕೈಗಳನ್ನು ಸೊಂಟದ ಮೂಳೆಯ ಮೇಲೆ ಇಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿರಿ. ಅವು ಕೂಡುವ ಜಾಗವೇ ಸುಮಾರಾಗಿ ಸೊಂಟದ 4ನೆಯ ಮಣಿ. ಅಲ್ಲಿಂದ ಕೆಳಗಿನ ಎರಡು ಸಂದುಗಳಲ್ಲೇ ಹೆಚ್ಚಿನ ಜನರ ಸೊಂಟದ ತೊಂದರೆ ಹುಟ್ಟುವುದು.

ಈ ಕಂಬ ಪಕ್ಕದಿಂದ ನೋಡಿದರೆ ನೇರವಾಗಿಲ್ಲ. ಕತ್ತಿನಲ್ಲಿ ಮುಂದಕ್ಕೆ, ಬೆನ್ನಿನಲ್ಲಿ ಹಿಂದಕ್ಕೆ, ಸೊಂಟದಲ್ಲಿ ಮತ್ತೆ ಮುಂದಕ್ಕೆ ಬಾಗಿದೆ. ಹುಟ್ಟಿದ ಮಗುವಿನ ಬೆನ್ನು ಬಿಲ್ಲಿನಂತೆ ಒಂದೇ ಬಾಗು. ಮಗು ತಲೆ ಎತ್ತಲು ಕಲಿತಾಗ ಕತ್ತಿನ ಬಾಗು, ನಿಂತು ನಡೆಯಲು ಕಲಿತಾಗ ಸೊಂಟದ ಬಾಗು ಮೂಡುತ್ತದೆ. ಈ ಬಾಗುಗಳು ಗಾಡಿಯ ಕಮಾನುಪಟ್ಟಿಯಂತೆ ಪೆಟ್ಟನ್ನು ನುಂಗುತ್ತವೆ.

ಮಣಿಗಳ ನಡುವಿನ ಮೆತ್ತೆ

ಮಣಿಗಳು ಒಂದಕ್ಕೊಂದು ತಾಗದಂತೆ ಅವುಗಳ ನಡುವೆ ಮೆತ್ತೆಗಳಿವೆ. ವೈದ್ಯರು ಇವನ್ನು ಡಿಸ್ಕ್ ಎನ್ನುತ್ತಾರೆ. ಒಟ್ಟು 23 ಮೆತ್ತೆಗಳು. ಬೆನ್ನುಕಂಬದ ಉದ್ದದಲ್ಲಿ ಸುಮಾರು ಕಾಲುಭಾಗ ಇವುಗಳದ್ದೇ. ಮೆತ್ತೆಯ ಹೊರಸುತ್ತು 15ರಿಂದ 25 ಪದರ ನಾರು. ಒಂದು ಪದರದ ನಾರು ಬಲಕ್ಕೆ ಓರೆಯಾಗಿದ್ದರೆ ಮುಂದಿನ ಪದರದ್ದು ಎಡಕ್ಕೆ ಓರೆ. ಟ್ರ್ಯಾಕ್ಟರ್ ಟೈರಿನ ಒಳಪದರಗಳಲ್ಲಿ ನೂಲು ಹೀಗೆಯೇ ಅಡ್ಡಡ್ಡ ಕೂಡಿರುವುದನ್ನು ನೀವು ಕಂಡಿರಬಹುದು. ಒಳಗಡೆ ಎಳೆಯ ತಾಟಿನುಂಗಿನ ತಿರುಳಿನಂಥ ಲೋಳೆ. ಎಳೆಯ ವಯಸ್ಸಿನಲ್ಲಿ ಈ ಲೋಳೆಯ ಶೇಕಡಾ 80ಕ್ಕೂ ಹೆಚ್ಚು ಭಾಗ ನೀರು. ವಯಸ್ಸಾದಂತೆ ನೀರು ಕಡಿಮೆಯಾಗಿ ಮೆತ್ತೆ ತೆಳ್ಳಗಾಗುತ್ತದೆ.

ಬೆಳೆದವರ ಮೆತ್ತೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಮೇಲಿನ ಮತ್ತು ಕೆಳಗಿನ ಮಣಿಯಿಂದ ಜಿನುಗಿ ಬರುವ ಆಹಾರವೇ ಅದಕ್ಕೆ ಗತಿ. ಭಾರ ಬಿದ್ದಾಗ ಮೆತ್ತೆಯಿಂದ ನೀರು ಹೊರಕ್ಕೆ ಹೋಗುತ್ತದೆ, ಭಾರ ಇಳಿದಾಗ ಮತ್ತೆ ಒಳಕ್ಕೆ ಬರುತ್ತದೆ. ನೆಲಕ್ಕೆ ನೀರು ಹಾಯಿಸಿ ಒಣಗಬಿಟ್ಟು ಮತ್ತೆ ಹಾಯಿಸಿದರೆ ಬೇರು ಚೆನ್ನಾಗಿರುತ್ತದೆ. ಸದಾ ನೀರು ನಿಂತರೂ ಬೇರು ಕೊಳೆಯುತ್ತದೆ, ಸದಾ ಒಣಗಿದರೂ ಸಾಯುತ್ತದೆ. ಮೆತ್ತೆಯ ಬಾಳೂ ಹೀಗೆಯೇ. ಭಾರ ಮತ್ತು ಬಿಡುವು ಒಂದರ ನಂತರ ಒಂದು ಬರುತ್ತಿರಬೇಕು. ದಿನವಿಡೀ ಬಗ್ಗಿರುವುದೂ, ವಾರಗಟ್ಟಲೆ ಮಲಗಿರುವುದೂ ಅದಕ್ಕೆ ಒಳ್ಳೆಯದಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು. ಬೆಳಗ್ಗೆ ಎದ್ದ ಕೂಡಲೆ ಗೋಡೆಗೆ ಒರಗಿ ನಿಂತು ತಲೆಯ ಮಟ್ಟಕ್ಕೆ ಗುರುತು ಹಾಕಿಸಿಕೊಳ್ಳಿ. ಸಂಜೆ ಕೆಲಸ ಮುಗಿಸಿ ಬಂದು ಮತ್ತೆ ಗುರುತು ಹಾಕಿಸಿ. ಸಂಜೆಗೆ ಎತ್ತರ 1ರಿಂದ 2 ಸೆಂಟಿಮೀಟರ್ ಕಡಿಮೆಯಾಗಿರುತ್ತದೆ. ಅದು ಮೆತ್ತೆಗಳು ಹಗಲೆಲ್ಲ ಹಿಂಡಿಸಿಕೊಂಡ ನೀರು. ರಾತ್ರಿ ಮಲಗಿದಾಗ ಅದು ಮರಳಿ ತುಂಬಿಕೊಳ್ಳುತ್ತದೆ.

ಇದರಿಂದ ಒಂದು ಪಾಠವಿದೆ. ಎದ್ದ ಕೂಡಲೆ ಮೆತ್ತೆ ನೀರುಂಡು ಬಿಗಿದಿರುತ್ತದೆ. ಆಗ ಬಗ್ಗಿದರೆ ಅದರ ನಾರಿನ ಮೇಲೆ ಬೀಳುವ ಸೆಳೆತ ಹಗಲಿಗಿಂತ ಬಹಳ ಹೆಚ್ಚು. ನಮ್ಮ ಮನೆಗಳಲ್ಲಿ ಹಾಸಿಗೆಯಿಂದ ಎದ್ದವರು ನೇರವಾಗಿ ಸೆಗಣಿ ಬಾಚಲು, ಗಂಗಾಳ ಎತ್ತಲು ಹೋಗುವುದು ರೂಢಿ. ಮೊದಲ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ನಿಂತು ಓಡಾಡುವ ಕೆಲಸ ಮಾಡಿರಿ. ದನ ಬಿಚ್ಚಿ ಕಟ್ಟುವುದು, ತೋಟ ಸುತ್ತಿ ಬರುವುದು ಮೊದಲಾಗಲಿ. ಬಗ್ಗುವ, ಎತ್ತುವ ಕೆಲಸ ಅನಂತರ ಇರಲಿ.

ಬೆನ್ನುಹುರಿ ಮತ್ತು ನರಗಳು

ಮೂಳೆಯ ಕೊಳವೆಯೊಳಗಿನ ಬೆನ್ನುಹುರಿ ಕಿರುಬೆರಳ ದಪ್ಪ. ಇದು ಸೊಂಟದ 1ನೆಯ ಇಲ್ಲವೆ 2ನೆಯ ಮಣಿಯ ಮಟ್ಟಕ್ಕೆ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿಯುತ್ತವೆ. ಬೆನ್ನುಹುರಿಯಿಂದ ಒಟ್ಟು 31 ಜೊತೆ ನರಗಳು ಮಣಿಗಳ ಸಂದಿನಿಂದ ಹೊರಬಂದು ಕೈಕಾಲುಗಳಿಗೆ, ಮೈಗೆ ಹರಡುತ್ತವೆ. ಸೊಂಟದ ಕೆಳಭಾಗದ ನರಗಳು ಕೂಡಿ ದೇಹದಲ್ಲೇ ಅತಿ ದಪ್ಪನಾದ ನರವಾಗಿ, ಪೃಷ್ಠದ ಮೂಲಕ ತೊಡೆಯ ಹಿಂಭಾಗದಲ್ಲಿ ಪಾದದ ಕಡೆಗೆ ಇಳಿಯುತ್ತವೆ.

ಮೆತ್ತೆಯ ಹಿಂಬದಿ ಮುಂಬದಿಗಿಂತ ತೆಳ್ಳಗೆ. ಭಾರ ಹಿಡಿದು ಬಗ್ಗಿ, ಅದೇ ಸ್ಥಿತಿಯಲ್ಲಿ ಪಕ್ಕಕ್ಕೆ ತಿರುಚಿದರೆ ಹಿಂಬದಿಯ ನಾರು ಹರಿದು ಲೋಳೆ ಹೊರಗೆ ಚಾಚಬಹುದು. ಅದು ಚಾಚುವ ಜಾಗದಲ್ಲೇ ನರ ಹಾದುಹೋಗುತ್ತದೆ. ಆಗ ನೋವು ಸೊಂಟದಲ್ಲಿ ನಿಲ್ಲದೆ ಮಂಡಿಯಿಂದ ಕೆಳಗೆ ಮಿಂಚಿನಂತೆ ಹರಿಯುತ್ತದೆ. ಇದಕ್ಕೆ ಸಯಾಟಿಕಾ ಎಂದು ಹೆಸರು. ಹಿಂದೆ ಇದನ್ನು ವಾತದ ನೋವು, ಶೀತದ ನೋವು ಎಂದು ಭಾವಿಸುತ್ತಿದ್ದರು. ಹರಿದ ಮೆತ್ತೆ ನರವನ್ನು ಒತ್ತುವುದರಿಂದ ಈ ನೋವು ಬರುತ್ತದೆಂದು 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟಪಡಿಸಿದರು.

ಹೊರೆಯ ಲೆಕ್ಕ

ಮಣಿಗಳ ಕಂಬ ತಾನಾಗಿ ನಿಲ್ಲಲಾರದು. ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಹಿಡಿದು ನಿಲ್ಲಿಸುವಂತೆ, ಬೆನ್ನಿನ, ಹೊಟ್ಟೆಯ, ಪೃಷ್ಠದ ಮಾಂಸಖಂಡಗಳು ಅದನ್ನು ಹಿಡಿದಿವೆ. ಬೆನ್ನಿನ ಮಾಂಸಖಂಡ ಮೆತ್ತೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇದೆ. ನೀವು ಕೈಯಲ್ಲಿ ಹಿಡಿದ ಹೊರೆ ಎಷ್ಟೋ ಪಾಲು ಮುಂದೆ ಇರುತ್ತದೆ. ಇದು ಸನ್ನೆಕೋಲಿನ ಲೆಕ್ಕ. ಏತದ ಮರದಲ್ಲಿ ಬಾನಿಯ ಕಡೆಯ ತೋಳು ಉದ್ದವಾಗಿ, ಹಿಂದಿನ ತೋಳು ಗಿಡ್ಡವಾದರೆ ಹಿಂದೆ ಎಷ್ಟು ಭಾರ ಬೇಕಾಗುತ್ತದೆಂದು ಹಿರಿಯರು ಬಲ್ಲರು.

20 ಕಿಲೋ ಹಿಂಡಿಯ ಚೀಲವನ್ನು ಬೆನ್ನಿನಿಂದ 40 ಸೆಂಟಿಮೀಟರ್ ಮುಂದೆ ಹಿಡಿದಿದ್ದೀರಿ ಎನ್ನಿ. 20ನ್ನು 40ರಿಂದ ಗುಣಿಸಿದರೆ 800. ಅದನ್ನು 5ರಿಂದ ಭಾಗಿಸಿದರೆ 160. ಅಂದರೆ ಆ ಚೀಲವನ್ನು ತಡೆಯಲು ಬೆನ್ನಿನ ಮಾಂಸಖಂಡ 160 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕು. ಆ ಎಳೆತವೂ ಚೀಲದ ತೂಕವೂ ಸೇರಿ ಮೆತ್ತೆಯ ಮೇಲೆ ಬೀಳುತ್ತವೆ. ಬಗ್ಗಿದ್ದರೆ ನಿಮ್ಮ ತಲೆ, ಎದೆ, ತೋಳುಗಳ ಭಾರ ಇದಕ್ಕೆ ಸೇರಿಕೊಳ್ಳುತ್ತದೆ. ಅದೇ ಚೀಲವನ್ನು ಮೈಗೆ ಒತ್ತಿ 20 ಸೆಂಟಿಮೀಟರಿಗೆ ತಂದರೆ ಎಳೆತ 80 ಕಿಲೋಗೆ ಇಳಿಯುತ್ತದೆ. ಚೀಲದ ತೂಕ ಒಂದು ಗುಂಜಿಯೂ ಕಡಿಮೆಯಾಗಿಲ್ಲ, ಬೆನ್ನಿನ ಮೇಲಿನ ಹೊರೆ ಅರ್ಧವಾಯಿತು.

ಇದು ಕಾಗದದ ಲೆಕ್ಕ ಮಾತ್ರವಲ್ಲ. ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಆರೋಗ್ಯವಂತನ ಸೊಂಟದ ಮೆತ್ತೆಯೊಳಗೆ ಅಳತೆಯ ಉಪಕರಣ ಇಟ್ಟು ಒತ್ತಡವನ್ನು ಅಳೆದು, 1999ರಲ್ಲಿ ಅದನ್ನು ಪ್ರಕಟಿಸಿದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದು ಇಟ್ಟುಕೊಂಡರೆ ಉಳಿದವು ಹೀಗಿವೆ:

ಮಲಗಿದಾಗ: 20
ಬರಿಗೈಯಲ್ಲಿ ಮುಂದಕ್ಕೆ ಬಗ್ಗಿ ನಿಂತಾಗ: 220
20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ: 460
ಅದೇ ಭಾರವನ್ನು ಮಂಡಿ ಬಗ್ಗಿಸಿ ಎತ್ತಿದಾಗ: 340
ಅದೇ ಭಾರ ಮೈಗೆ ಹತ್ತಿರವಿದ್ದಾಗ: 220

ಅಳತೆ ಒಬ್ಬನದೇ ಆದರೂ ಇದು ಸನ್ನೆಯ ಲೆಕ್ಕಕ್ಕೆ ಹೊಂದುತ್ತದೆ. ಬರಿಗೈಯಲ್ಲಿ ಬಗ್ಗಿ ನಿಂತರೂ ಒತ್ತಡ ಇಮ್ಮಡಿಗಿಂತ ಹೆಚ್ಚು ಎಂಬುದನ್ನು ಗಮನಿಸಿ. ನಾಟಿ ಹಾಕುವ ಹೆಂಗಸಿನ ಕೈಯಲ್ಲಿರುವುದು ಒಂದು ಹಿಡಿ ಸಸಿ ಮಾತ್ರ. ಅವಳ ಸೊಂಟ ಹೊತ್ತಿರುವುದು ಅದಲ್ಲ.

ತಲೆಹೊರೆಯ ವಿಷಯ ಬೇರೆ. ಸಿಂಬೆಯ ಮೇಲೆ ಇಟ್ಟ ಹೊರೆಯ ತೂಕ ಕಂಬದ ನೇರಕ್ಕೆ ಇಳಿಯುವುದರಿಂದ ಸನ್ನೆಯ ಪೆಟ್ಟು ಇಲ್ಲ. ಕತ್ತಿನ ಮೆತ್ತೆಗಳು ಚಿಕ್ಕವಾದ್ದರಿಂದ ತೂಕ ಮಿತಿಯಲ್ಲಿರಬೇಕು, ಅಷ್ಟೆ. ಹೆಚ್ಚಿನ ಅಪಾಯ ಇರುವುದು ಹೊರೆಯನ್ನು ನೆಲದಿಂದ ತಲೆಗೆ ಏರಿಸುವ ಮತ್ತು ಇಳಿಸುವ ಗಳಿಗೆಯಲ್ಲಿ. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಂಬ ನೆಟ್ಟು ಮೇಲೊಂದು ಚಪ್ಪಡಿ ಹಾಸಿದ, ಹೊರೆ ಇಳಿಸುವ ಕಲ್ಲುಗಳು ಕೆಲವೆಡೆ ಇನ್ನೂ ಉಳಿದಿವೆ. ದಾರಿಹೋಕ ಬಗ್ಗದೆ, ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ ಮತ್ತೆ ಹೊರಬಹುದಾಗಿತ್ತು. ಇದೇ ಉಪಾಯವನ್ನು ನಿಮ್ಮ ಕಣದಲ್ಲಿ, ಉಗ್ರಾಣದಲ್ಲಿ ಮಾಡಿರಿ. ಸೊಂಟದೆತ್ತರದ ಒಂದು ಕಟ್ಟೆ ಕಟ್ಟಿಸಿ, ಚೀಲಗಳನ್ನು ನೆಲಕ್ಕೆ ಹಾಕದೆ ಅದರ ಮೇಲೆ ಇಡಿ. ಒಂದು ಸಲದ ಖರ್ಚು, ಮನೆಯವರೆಲ್ಲರ ಬೆನ್ನಿಗೆ ಉಳಿತಾಯ.

ಹೊರೆ ಎತ್ತುವಾಗ ಇವನ್ನು ನೆನಪಿಡಿ:

1. ಹೊರೆಯ ಹತ್ತಿರಕ್ಕೆ ಹೋಗಿ, ಪಾದಗಳನ್ನು ಅಗಲಿಸಿ, ಮಂಡಿ ಬಗ್ಗಿಸಿ ಹಿಡಿಯಿರಿ. ಮೈಗೆ ಒತ್ತಿಕೊಂಡು ಎದ್ದುನಿಲ್ಲಿ.
2. ಭಾರ ಹೊತ್ತು ಸೊಂಟ ತಿರುಚಕೂಡದು. ಹೆಜ್ಜೆ ಎತ್ತಿಟ್ಟು ಇಡೀ ಮೈ ತಿರುಗಿಸಿ.
3. ಯೂರಿಯಾ ಚೀಲ 2018ರಿಂದ 45 ಕಿಲೋಗೆ ಇಳಿದಿದೆ. ಆದರೂ ಅದು ಒಬ್ಬರು ನೆಲದಿಂದ ಎತ್ತುವ ಹೊರೆಯಲ್ಲ. ಇಬ್ಬರು ಎತ್ತಿರಿ, ಇಲ್ಲವೆ ಬಿಚ್ಚಿ ಎರಡು ಪಾಲು ಮಾಡಿರಿ.
4. ಒಂದೇ ಕೈಯಲ್ಲಿ ದೊಡ್ಡ ಕೊಡ ಒಯ್ಯುವ ಬದಲು ಎರಡೂ ಕೈಗೆ ಚಿಕ್ಕ ಕೊಡ ಹಂಚಿಕೊಳ್ಳಿ.
5. ಬೆನ್ನಿಗೆ ಹಾಕುವ 16 ಲೀಟರಿನ ಸಿಂಪರಣಾ ಯಂತ್ರದಲ್ಲಿ ನೀರೇ 16 ಕಿಲೋ. ಅದನ್ನು ಕಟ್ಟೆಯ ಮೇಲಿಟ್ಟು, ಬೆನ್ನು ಕೊಟ್ಟು, ಎರಡೂ ಪಟ್ಟಿಗಳನ್ನು ಹಾಕಿಕೊಂಡು ಎದ್ದೇಳಿ.

ಬಗ್ಗಿ ಮಾಡುವ ಕೆಲಸ

ಬಹಳ ಹೊತ್ತು ಬಗ್ಗಿದ್ದರೆ ಮಣಿಗಳನ್ನು ಕೂಡಿಸಿ ಹಿಡಿದ ಕಟ್ಟುನಾರುಗಳು ನಿಧಾನವಾಗಿ ಸಡಿಲಗೊಳ್ಳುತ್ತವೆ. ನೆಟ್ಟಗೆ ನಿಂತ ಕೂಡಲೆ ಅವು ಮೊದಲಿನ ಬಿಗಿಗೆ ಮರಳುವುದಿಲ್ಲ, ಹೊತ್ತು ಹಿಡಿಯುತ್ತದೆ. ಅರ್ಧ ದಿನ ಕಳೆ ತೆಗೆದು ಎದ್ದವರು ಅದೇ ಗಳಿಗೆಯಲ್ಲಿ ಹುಲ್ಲಿನ ಹೊರೆ ಎತ್ತಲು ಹೋಗಿ ಸೊಂಟ ಉಳುಕಿಸಿಕೊಳ್ಳುವುದು ಇದರಿಂದಲೇ. ಬಗ್ಗಿ ಮಾಡುವ ಕೆಲಸ ಮುಗಿದ ಮೇಲೆ ಕೆಲವು ನಿಮಿಷ ನೆಟ್ಟಗೆ ಓಡಾಡಿ, ಆಮೇಲೆ ಭಾರ ಮುಟ್ಟಿರಿ. ಕೆಲಸದ ನಡುವೆಯೂ ಪ್ರತಿ ಸಾಲು ಮುಗಿದಾಗ ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ನಾಲ್ಕೈದು ಸಲ ಹಿಂದಕ್ಕೆ ಬಾಗಿರಿ. ಕೂಲಿಯವರಿಂದ ಕೆಲಸ ಮಾಡಿಸುವ ರೈತರು ಇದನ್ನು ಮೈಗಳ್ಳತನವೆಂದು ಗದರಿಸಬಾರದು. ಅವರ ಬೆನ್ನು ನಾಳೆಯೂ ನಿಮ್ಮ ಹೊಲಕ್ಕೆ ಬರಬೇಕಲ್ಲವೆ?

ಉಪಕರಣದ ಹಿಡಿಯ ಉದ್ದ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉದಾಹರಣೆ ಇದೆ. ಅಲ್ಲಿನ ಸೊಪ್ಪು ತರಕಾರಿಯ ಹೊಲಗಳಲ್ಲಿ ವಲಸೆ ಕೂಲಿಗಳು ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವಿಡೀ ಬಗ್ಗಿ ಕಳೆ ತೆಗೆಯಬೇಕಿತ್ತು. ಉದ್ದ ಹಿಡಿಯಾದರೆ ಪೈರು ಹಾಳಾಗುತ್ತದೆ ಎಂಬುದು ಜಮೀನುದಾರರ ವಾದವಾಗಿತ್ತು. ಬೆನ್ನು ಕೆಡಿಸಿಕೊಂಡ ಕೂಲಿಗಳು ನ್ಯಾಯಾಲಯದ ಮೆಟ್ಟಿಲು ಏರಿದರು. ವೈದ್ಯರು ಸಾಕ್ಷ್ಯ ನುಡಿದರು. 1975ರಲ್ಲಿ ಆ ರಾಜ್ಯ ಗಿಡ್ಡ ಗುದ್ದಲಿಯನ್ನು ನಿಷೇಧಿಸಿತು. ಆಮೇಲೂ ಅಲ್ಲಿ ಸೊಪ್ಪು ತರಕಾರಿ ಬೆಳೆಯುವುದು ನಿಲ್ಲಲಿಲ್ಲ.

ನಮ್ಮಲ್ಲಿ ಸಾಲಿನಲ್ಲಿ ಬಿತ್ತಿದ ಬೆಳೆಗೆ ಎಡೆಕುಂಟೆ, ಸೈಕಲ್ ಎಡೆಕುಂಟೆ ಉಂಟು. ಸಾಲು ನಾಟಿಯ ಭತ್ತಕ್ಕೆ ಕೋನೋವೀಡರ್ ಉಂಟು. ತಳ್ಳುವ ಉಪಕರಣದ ಹಿಡಿ ನಿಮ್ಮ ಮೊಣಕೈ ಮಟ್ಟಕ್ಕೆ ಬರುವಂತೆ ಸರಿಪಡಿಸಿಕೊಳ್ಳಿ. ಗಂಡಸಿನ ಎತ್ತರಕ್ಕೆ ಮಾಡಿದ ಹಿಡಿಯನ್ನು ಹೆಂಗಸಿನ ಕೈಗೆ ಹಾಗೆಯೇ ಕೊಡಬೇಡಿ. ಕುರ್ಚಿಗೆಯಿಂದಲೇ ಕಳೆ ತೆಗೆಯಬೇಕಾದ ಕಡೆ ನಿಂತು ಬಗ್ಗುವುದಕ್ಕಿಂತ ಕುಕ್ಕರುಗಾಲಿನಲ್ಲಿ ಕೂತು, ಆಗಾಗ ಭಂಗಿ ಬದಲಿಸುವುದು ಲೇಸು.

ಟ್ರ್ಯಾಕ್ಟರ್ ಓಡಿಸುವವರಿಗೂ ಒಂದು ಮಾತು. ಕೂತ ಮನುಷ್ಯನ ಬೆನ್ನು ಸೆಕೆಂಡಿಗೆ ಸುಮಾರು 4ರಿಂದ 6 ಸಲದ ಕುಲುಕಿಗೆ ಬೇಗ ತೊನೆಯುತ್ತದೆ. ಉಳುವ ಟ್ರ್ಯಾಕ್ಟರಿನ ಕುಲುಕಾಟ ಬಹುಪಾಲು ಇದರ ಆಸುಪಾಸಿನಲ್ಲೇ ಇರುತ್ತದೆ. ಅದರ ಮೇಲೆ ನೇಗಿಲು ನೋಡಲು ಸೊಂಟ ತಿರುಚಿ ಹಿಂದಕ್ಕೆ ನೋಡುತ್ತಿರಬೇಕು. ಆಸನದ ಸ್ಪ್ರಿಂಗು, ಮೆತ್ತೆ ಸರಿಯಿರಲಿ. ಗಂಟೆಗೊಮ್ಮೆ ಇಳಿದು ನಡೆಯಿರಿ. ಇಳಿಯುವಾಗ ಹಾರಬೇಡಿ.

ಸೊಂಟ ಹಿಡಿದುಕೊಂಡಾಗ

ತಟ್ಟನೆ ಹಿಡಿದುಕೊಂಡ ಸೊಂಟ ಹೆಚ್ಚಿನವರಲ್ಲಿ ಆರು ವಾರದೊಳಗೆ ಬಹುಮಟ್ಟಿಗೆ ಸರಿಹೋಗುತ್ತದೆ. ಚಾಚಿದ ಮೆತ್ತೆಯನ್ನೂ ಎಷ್ಟೋ ಜನರಲ್ಲಿ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಮೊದಲ ಒಂದೆರಡು ದಿನ ನೋವು ತಡೆಯಲಾಗದಿದ್ದರೆ ಮಲಗಿರಿ. ಆಮೇಲೆ ತಾಳುವಷ್ಟು ನಡೆದಾಡಲೇಬೇಕು. ವಾರಗಟ್ಟಲೆ ಹಾಸಿಗೆ ಹಿಡಿದರೆ ಮಾಂಸಖಂಡ ಸೊರಗಿ ನೋವು ಉಳಿದುಕೊಳ್ಳುತ್ತದೆ. ಬಿಸಿನೀರಿನ ಶಾಖ ಹಿತವಾದರೆ ಕೊಡಬಹುದು. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ನುಂಗುತ್ತಿದ್ದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಬರೆ ಹಾಕಿಸಬೇಡಿ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ಮುಟ್ಟಿಸುವ ನಂಬಿಕೆ ಕೆಲವು ಊರುಗಳಲ್ಲಿದೆ. ಮುಟ್ಟುವುದರಿಂದ ಕೇಡಿಲ್ಲ. ಆದರೆ ಒದೆಸಿಕೊಳ್ಳುವುದು, ಬೆನ್ನ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುವುದು ಅಪಾಯ. ಬೆನ್ನುಮಣಿ ಸವೆದ ವಯಸ್ಸಾದವರಿಗಂತೂ ಸಲ್ಲದು.

ಎಂ.ಆರ್.ಐ. ಚಿತ್ರದಲ್ಲಿ ಡಿಸ್ಕ್ ಉಬ್ಬಿದೆ ಎಂದ ಮಾತ್ರಕ್ಕೆ ಎದೆಗುಂದಬೇಡಿ. ನೋವೇ ಇಲ್ಲದವರ ಚಿತ್ರಗಳನ್ನು ಕುರಿತ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದಾಗ, 20ರ ವಯಸ್ಸಿನಲ್ಲಿ ಶೇಕಡಾ 30, 80ರ ವಯಸ್ಸಿನಲ್ಲಿ ಶೇಕಡಾ 84 ಜನರಲ್ಲಿ ಮೆತ್ತೆ ಉಬ್ಬಿದ್ದು ಕಂಡಿತು. ಚಿತ್ರವೂ ನೋವಿನ ಲಕ್ಷಣವೂ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. ಶಸ್ತ್ರಕ್ರಿಯೆ ಬೇಕೆಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಕೇಳಿ ತೀರ್ಮಾನಿಸಿ. ಕೆಳಗಿನ ಲಕ್ಷಣಗಳಿದ್ದಾಗ ಮಾತ್ರ ತಡ ಮಾಡಕೂಡದು.

ತಡ ಮಾಡಬಾರದ ಲಕ್ಷಣಗಳು

1. ಮೂತ್ರ ಕಟ್ಟುವುದು, ಮಲಮೂತ್ರ ಅರಿವಿಲ್ಲದೆ ಹೋಗುವುದು, ಗುಪ್ತಾಂಗದ ಸುತ್ತ ಸ್ಪರ್ಶ ತಿಳಿಯದಿರುವುದು. ಇದು ನರಗಳ ಗೊಂಚಲು ಒತ್ತಿಹೋದ ಗುರುತು. ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. ತಡವಾದರೆ ಹೋದ ಶಕ್ತಿ ಮರಳದಿರಬಹುದು.
2. ಕಾಲಿನ ಬಲ ಕುಂದುವುದು. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಸೋತರೆ ಅಂದೇ ವೈದ್ಯರನ್ನು ಕಾಣಿರಿ.
3. ಜ್ವರ, ರಾತ್ರಿ ಬೆವರು, ತೂಕ ಇಳಿಯುವಿಕೆಯ ಜೊತೆಗೆ ವಾರಗಟ್ಟಲೆ ಬಿಡದ ಬೆನ್ನುನೋವು. ಕ್ಷಯ ಬೆನ್ನುಮಣಿಗೂ ಹತ್ತುತ್ತದೆ. ಮೊದಲೇ ಪತ್ತೆಯಾದರೆ ಔಷಧಿಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತ. ಬಿಟ್ಟರೆ ಮಣಿ ಕುಸಿದು ಗೂನಾಗಿ, ಕಾಲು ಸೋಲಬಹುದು.
4. ದನ ಸಾಕುವವರಲ್ಲಿ ಬಂದುಹೋಗುವ ಜ್ವರದೊಡನೆ ಸೊಂಟನೋವು. ಹಸು ಎಮ್ಮೆಗಳಿಗೆ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗ ಮನುಷ್ಯನಿಗೂ ಅಂಟಿ ಬೆನ್ನುಮಣಿಯಲ್ಲಿ ಕೂರುತ್ತದೆ. ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಹಸಿಹಾಲು ಕುಡಿಯಬೇಡಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಿಸಿ. ವೈದ್ಯರ ಬಳಿ ಹೋದಾಗ ದನ ಸಾಕಿರುವುದನ್ನು ಮರೆಯದೆ ಹೇಳಿ.
5. ವಯಸ್ಸಾದವರಿಗೆ, ಅದರಲ್ಲೂ ಮುಟ್ಟು ನಿಂತ ಹೆಂಗಸರಿಗೆ, ಚಿಕ್ಕ ಪೆಟ್ಟಿನಿಂದ ತಟ್ಟನೆ ಬಂದ ಬೆನ್ನುನೋವು. ಟೊಳ್ಳಾದ ಮಣಿ ಕುಸಿದಿರಬಹುದು.

ನೀರು ಮತ್ತು ಆಹಾರ

ಕೋಲಾರ, ತುಮಕೂರು, ಗದಗ, ಬಳ್ಳಾರಿ, ರಾಯಚೂರು ಮೊದಲಾದ ಜಿಲ್ಲೆಗಳ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನಿನ ಕಟ್ಟುನಾರುಗಳು ಮೂಳೆಯಂತೆ ಗಟ್ಟಿಯಾಗಿ, ಬೆನ್ನು ಬಗ್ಗದಂತಾಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿರುವುದು ಲೇಸು, 1.5 ಮಿಲಿಗ್ರಾಂ ಮೀರಲೇಕೂಡದು. ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಕಂಡರೆ ಊರಿನ ನೀರು ಪರೀಕ್ಷೆ ಮಾಡಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಳೆನೀರು ಹಿಡಿದು ಶೋಧಿಸಿ ಬಳಸುವುದು ಒಳ್ಳೆಯ ದಾರಿ.

ಮೂಳೆಗೆ ಸುಣ್ಣದಂಶ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಹಾಲೆಲ್ಲ ಡೇರಿಗೆ ಹಾಕಿ ಮನೆಯ ಹೆಂಗಸರು ಬರಿಯ ಕಾಫಿ ಕುಡಿಯುವುದು ಸರಿಯಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಬೆನ್ನುನೋವು ಹೆಚ್ಚೆಂದು ಕಂಡುಬಂದಿದೆ.

ಮರದಿಂದ ಬಿದ್ದವರನ್ನು ಎತ್ತುವ ಮುನ್ನ

ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವವರಿದ್ದಾರೆ. ಮುರಿದ ಮಣಿ ಕೂಡಬಹುದು, ಹರಿದ ಬೆನ್ನುಹುರಿ ಮತ್ತೆ ಬೆಳೆಯುವುದಿಲ್ಲ. ಬಿದ್ದಾಗ ಉಳಿದಿದ್ದ ಬೆನ್ನುಹುರಿ ನಾವು ಗಾಬರಿಯಿಂದ ಎತ್ತಿ ಕೂರಿಸುವಾಗ ಹರಿದುಹೋಗುವ ಅಪಾಯವಿದೆ. ಆದ್ದರಿಂದ:

1. ಎಬ್ಬಿಸಿ ಕೂರಿಸಬೇಡಿ. ಕೈಕಾಲು ಹಿಡಿದು ಜೋಲಿಯಂತೆ ಎತ್ತಬೇಡಿ. ನೀರು ಕುಡಿಸಬೇಡಿ. ಉಸಿರಾಟ ನಡೆದಿದೆಯೇ ನೋಡಿ.
2. ಕೂಡಲೆ 108ಕ್ಕೆ ಫೋನ್ ಮಾಡಿ, ಮರದಿಂದ ಬಿದ್ದಿದ್ದಾರೆ ಎಂದು ಹೇಳಿ. ಒಬ್ಬರು ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದಿರಲಿ.
3. ವಾಹನ ಬಾರದ ತೋಟವಾದರೆ ಬಾಗಿಲ ಹಲಗೆ ಇಲ್ಲವೆ ಅಗಲವಾದ ಹಲಗೆ ತನ್ನಿ. ನಾಲ್ಕೈದು ಜನ ಸೇರಿ, ತಲೆ ಹಿಡಿದವರ ಮಾತಿನಂತೆ, ಮರದ ದಿಮ್ಮಿ ಉರುಳಿಸುವ ಹಾಗೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆ ಜಾರಿಸಿ.
4. ತಲೆಯ ಎರಡೂ ಪಕ್ಕಕ್ಕೆ ಬಟ್ಟೆಯ ಸುರುಳಿ ಇಟ್ಟು, ಮೈಯನ್ನು ಹಲಗೆಗೆ ಪಂಚೆಯಿಂದ ಕಟ್ಟಿ ಸಾಗಿಸಿ. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೋಗಲೇಬೇಡಿ.

ಈ ನಾಲ್ಕು ಮಾತುಗಳನ್ನು ತೋಟದಲ್ಲಿ ಕೆಲಸ ಮಾಡುವ ಎಲ್ಲರಿಗೂ ಮಳೆಗಾಲಕ್ಕೆ ಮುಂಚೆಯೇ ತಿಳಿಸಿ. ಅಡಿಕೆ ಕೊನೆ ಕೊಯ್ಯಲು, ಬೋರ್ಡೋ ದ್ರಾವಣ ಸಿಂಪಡಿಸಲು ನೆಲದಿಂದಲೇ ಬಳಸುವ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಈಗ ಬಂದಿವೆ. ಬೆಲೆ ಹೆಚ್ಚೆನಿಸಿದರೆ ನಾಲ್ಕು ಮನೆಯವರು ಸೇರಿ ಒಂದನ್ನು ಕೊಳ್ಳಬಹುದು.

ರೈತ ಬಾಂಧವರೇ, ಇಷ್ಟರಲ್ಲಿ ಹಣ ಬೇಕಾಗುವುದು ಒಂದು ಕಟ್ಟೆಗೆ, ಒಂದು ಉದ್ದ ಹಿಡಿಗೆ, ಪಾಲಿಗೆ ಬಂದರೆ ಒಂದು ದೋಟಿಗೆ. ಉಳಿದುದೆಲ್ಲ ರೂಢಿಯ ಮಾತು. ಹೊರೆಯನ್ನು ಮೈಗೆ ಹತ್ತಿರ ತನ್ನಿ. ಸಾಲು ಮುಗಿದಾಗ ಎದ್ದು ನಿಲ್ಲಿ. ಬೆಳಗಿನ ಮೊದಲ ಗಂಟೆ ಬೆನ್ನಿಗೆ ಬಿಡುವು ಕೊಡಿ. ಮುಂದಿನ ನಾಟಿಗೆ ಮೊದಲು ಮನೆಯವರೊಡನೆ, ಕೆಲಸಕ್ಕೆ ಬರುವವರೊಡನೆ ಕೂತು ಈ ವಿಷಯ ಮಾತನಾಡಿ.